ಮೀಟರ್‌ನಲ್ಲಿ 20.9 ಕಂಡ ಮಾತ್ರಕ್ಕೆ ಟ್ಯಾಂಕ್‌ಗೆ ಇಳಿಯಬಹುದೇ?

ಗಲ್ಫ್ ಎಂದರೆ ಊರಿನಲ್ಲಿರುವವರ ಕಣ್ಣಿಗೆ ಗಗನಚುಂಬಿ ಕಟ್ಟಡ, ಮಾಲ್, ಚಿನ್ನದ ಅಂಗಡಿಗಳ ಸಾಲು. ಆದರೆ ಸೌದಿಯ ಜುಬೈಲ್, ಅಬುಧಾಬಿಯ ರುವೈಸ್, ಕತಾರ್‌ನ ರಾಸ್ ಲಫಾನ್, ಕುವೈತ್‌ನ ಮೀನಾ ಅಲ್ ಅಹ್ಮದಿಯಂಥ ಕಡೆ ದುಡಿಯುವ ನಮ್ಮಂಥವರಿಗೆ ಗಲ್ಫ್ ಎಂದರೆ ಪೈಪು, ಟ್ಯಾಂಕು, ವೆಸೆಲ್ಲು ಮತ್ತು ಬೆಳಿಗ್ಗೆ ಸಹಿಯಾಗಿ ಬರಬೇಕಾದ ಪರ್ಮಿಟ್ ಕಾಗದ. ಮಂಗಳೂರು, ಉಡುಪಿ, ಭಟ್ಕಳದಿಂದ ಬಂದವರಿದ್ದೇವೆ. ಘಟ್ಟದ ಮೇಲಿನ ಜಿಲ್ಲೆಗಳಿಂದ ಬಂದವರೂ ಇದ್ದೇವೆ. ನಮ್ಮಲ್ಲಿ ಕೆಲವರು ಸೇಫ್ಟಿ ವಿಭಾಗದಲ್ಲಿದ್ದರೆ, ಹೆಚ್ಚಿನವರು ವೆಲ್ಡರ್, ಫಿಟ್ಟರ್, ಸ್ಕ್ಯಾಫೋಲ್ಡರ್, ಹೆಲ್ಪರ್.

ಈ ಪುಟದಲ್ಲಿ ರಾಜ್ಯೋತ್ಸವ, ಯಕ್ಷಗಾನ, ರಕ್ತದಾನ ಶಿಬಿರಗಳ ಸುದ್ದಿ ಬರುತ್ತದೆ. ಬರಲೇಬೇಕು, ನಮ್ಮನ್ನು ಒಟ್ಟಿಗೆ ಹಿಡಿದಿಟ್ಟಿರುವುದೇ ಅವು. ಆದರೆ ಈ ವಾರ ನಾವು ಹೇಳಹೊರಟಿರುವುದು ಅಂಗೈಯಗಲದ ಒಂದು ಉಪಕರಣದ ಬಗ್ಗೆ. ಟ್ಯಾಂಕಿನೊಳಗಿನ ಗಾಳಿಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವ ಆಕ್ಸಿಜನ್ ಮೀಟರ್ ಅದು. ಸಾಮಾನ್ಯವಾಗಿ ಅದು ಒಂಟಿಯಾಗಿರುವುದಿಲ್ಲ. ಉರಿಯುವ ಅನಿಲ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್‌ಗಳನ್ನೂ ಅಳೆಯುವ ನಾಲ್ಕು ಗ್ಯಾಸ್‌ಗಳ ಮೀಟರ್‌ನಲ್ಲಿ ಸೇರಿಕೊಂಡಿರುತ್ತದೆ. ಅದು ತೋರಿಸುವ ಒಂದು ಅಂಕಿಯನ್ನು ನಂಬಿ ನಮ್ಮ ಹುಡುಗರು ದಿನವೂ ಒಳಗಿಳಿಯುತ್ತಾರೆ. ಆ ಅಂಕಿ ನಂಬಿಕೆಗೆ ಅರ್ಹವೇ ಎಂದು ಕೇಳುವವರು ಮಾತ್ರ ಕಡಿಮೆ. ಪರೀಕ್ಷಿಸದ ಮೀಟರ್ ಇರುವುದು ಮೀಟರ್ ಇಲ್ಲದಿರುವುದಕ್ಕಿಂತ ಅಪಾಯ ಎಂಬುದು ನಮ್ಮ ಅಭಿಪ್ರಾಯ. ಮೀಟರ್ ಇಲ್ಲದಿದ್ದರೆ ಮನುಷ್ಯನಿಗೆ ಭಯವಾದರೂ ಇರುತ್ತದೆ.

ಅಂಕಿಯ ಅರ್ಥ

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇ 20.9. ಅಮೆರಿಕದ ಕಾರ್ಮಿಕ ಸುರಕ್ಷಾ ಸಂಸ್ಥೆ ಓಶಾದ ನಿಯಮದಂತೆ 19.5ಕ್ಕಿಂತ ಕೆಳಗಿದ್ದರೆ ಅದು ಆಮ್ಲಜನಕದ ಕೊರತೆ, 23.5 ದಾಟಿದರೆ ಆಮ್ಲಜನಕ ಮಿತಿಮೀರಿದ ಸ್ಥಿತಿ. ಮೀಟರ್‌ಗಳ ಅಲಾರಂ ಸಾಮಾನ್ಯವಾಗಿ ಈ ಎರಡು ಅಂಕಿಗಳಿಗೇ ಹೊಂದಿಸಿರುತ್ತದೆ. ಕಡಿಮೆಯಾದರೆ ಅಪಾಯ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಅಪಾಯವೇ. ಗ್ಯಾಸ್ ಕಟಿಂಗ್ ಮಾಡುವವರು ಊಟಕ್ಕೆ ಹೋಗುವಾಗ ಆಕ್ಸಿಜನ್ ಪೈಪನ್ನು ಟ್ಯಾಂಕಿನೊಳಗೇ ಬಿಟ್ಟು, ಅದು ಸಣ್ಣಗೆ ಸೋರಿದರೂ ಸಾಕು. ತೊಟ್ಟ ಬಟ್ಟೆ ಒಂದು ಕಿಡಿಗೆ ಧಗ್ಗನೆ ಹೊತ್ತಿಕೊಳ್ಳುತ್ತದೆ.

ಮುಚ್ಚಿದ ಜಾಗದಲ್ಲಿ ಆಮ್ಲಜನಕ ಎಲ್ಲಿ ಹೋಗುತ್ತದೆ? ಉರಿಯುವ ಅನಿಲವನ್ನು ಹೊರಹಾಕಲು ವೆಸೆಲ್ ತುಂಬಾ ನೈಟ್ರೋಜನ್ ಬಿಟ್ಟಿರುತ್ತಾರೆ, ಅದು ಗಾಳಿಯನ್ನೇ ಹೊರದೂಡುತ್ತದೆ. ಕಬ್ಬಿಣ ತುಕ್ಕು ಹಿಡಿಯುವಾಗ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಮುಚ್ಚಿಟ್ಟ ಖಾಲಿ ಟ್ಯಾಂಕ್, ಹಡಗಿನ ಬ್ಯಾಲಾಸ್ಟ್ ಟ್ಯಾಂಕ್, ಲಂಗರಿನ ಸರಪಳಿ ಇಡುವ ಕೋಣೆ ಒಳಗೆ ಏನೂ ಇಲ್ಲದಿದ್ದರೂ ಕೊಲ್ಲುವುದು ಇದೇ ಕಾರಣಕ್ಕೆ. ಕೊಳೆಯುವ ತ್ಯಾಜ್ಯವೂ ಆಮ್ಲಜನಕವನ್ನು ತಿನ್ನುತ್ತದೆ.

ನೈಟ್ರೋಜನ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ, ಏಕೆಂದರೆ ನಮಗೆ ಉಸಿರುಗಟ್ಟಿದಂತೆ ಅನಿಸುವುದು ಮುಖ್ಯವಾಗಿ ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದಾಗ. ನೈಟ್ರೋಜನ್ ತುಂಬಿದ ಜಾಗದಲ್ಲಿ ಅದು ಎಂದಿನಂತೆ ಹೊರಹೋಗುತ್ತಿರುತ್ತದೆ. ಒಂದೆರಡು ಉಸಿರಿನಲ್ಲೇ ಮನುಷ್ಯ ಕುಸಿಯುತ್ತಾನೆ. ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ 2003ರಲ್ಲಿ ಹೊರಡಿಸಿದ ವರದಿಯ ಪ್ರಕಾರ 1992ರಿಂದ 2002ರವರೆಗೆ ಆ ದೇಶವೊಂದರಲ್ಲೇ ನೈಟ್ರೋಜನ್‌ನಿಂದ ಉಸಿರುಗಟ್ಟಿ 80 ಮಂದಿ ಸತ್ತಿದ್ದರು. ಮೂಗು, ಕಣ್ಣು, ಅನುಭವ ಯಾವುದೂ ಕೆಲಸಕ್ಕೆ ಬಾರದ ಈ ಜಾಗದಲ್ಲಿ ನಮಗಿರುವ ಸಾಕ್ಷಿ ಮೀಟರ್ ಒಂದೇ.

ಒಳಗಿರುವ ಪುಟ್ಟ ಬ್ಯಾಟರಿ

ಮೀಟರ್ ಒಳಗೆ ಆಮ್ಲಜನಕವನ್ನು ಗುರುತಿಸುವುದು ನಾಣ್ಯದಷ್ಟು ಅಗಲದ ಒಂದು ಸೆನ್ಸರ್. ಹೆಚ್ಚು ಬಳಕೆಯಲ್ಲಿರುವ ಬಗೆಯ ಸೆನ್ಸರ್‌ನಲ್ಲಿ ಸೀಸ ಇರುತ್ತದೆ, ಜೊತೆಗೆ ಒಂದು ರಾಸಾಯನಿಕ ದ್ರಾವಣ. ಸೂಜಿಮೊನೆಗಿಂತ ಸಣ್ಣ ರಂಧ್ರದಿಂದ ಗಾಳಿ ಒಳಹೋದಾಗ ಆಮ್ಲಜನಕ ಸೀಸದೊಡನೆ ಸೇರಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆಮ್ಲಜನಕ ಹೆಚ್ಚಿದ್ದರೆ ಪ್ರವಾಹ ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ಆ ಪ್ರವಾಹವನ್ನೇ ಮೀಟರ್ ಅಂಕಿಯಾಗಿ ತೋರಿಸುತ್ತದೆ. ಅಂದರೆ ಅದು ಗಾಳಿಯಿಂದ ನಡೆಯುವ ಒಂದು ಪುಟ್ಟ ಬ್ಯಾಟರಿ.

ಬ್ಯಾಟರಿ ಎಂದ ಮೇಲೆ ಸವೆಯಲೇಬೇಕು. ಸೀಸ ತೀರಿದಂತೆ ಸೆನ್ಸರ್‌ನ ಆಯುಷ್ಯ ಮುಗಿಯುತ್ತದೆ. ಸಾಮಾನ್ಯವಾಗಿ ಅದು ಸುಮಾರು ಎರಡು ವರ್ಷ. ಇಲ್ಲಿ ಎಲ್ಲ ಕಡೆ ಕೇಳಿಬರುವ ಒಂದು ತಪ್ಪು ತಿಳಿವಳಿಕೆಯಿದೆ: ‘ಮೀಟರ್ ಹೆಚ್ಚು ಬಳಸಿಯೇ ಇಲ್ಲ, ಸ್ಟೋರ್‌ನಲ್ಲೇ ಇತ್ತು, ಹೊಸತರಂತೆಯೇ ಇದೆ’ ಎನ್ನುತ್ತಾರೆ. ಸ್ವಿಚ್ ಆಫ್ ಇದ್ದರೂ ಸ್ಟೋರ್‌ನ ಗಾಳಿಯಲ್ಲಿ ಆಮ್ಲಜನಕ ಇದ್ದೇ ಇರುತ್ತದೆ, ಸೆನ್ಸರ್ ಸವೆಯುತ್ತಲೇ ಇರುತ್ತದೆ. ಆದ್ದರಿಂದ ನೋಡಬೇಕಾದ್ದು ಎಷ್ಟು ಬಳಸಿದ್ದಾರೆ ಎಂಬುದನ್ನಲ್ಲ, ಸೆನ್ಸರ್ ಯಾವಾಗ ತಯಾರಾಯಿತು, ಯಾವಾಗ ಕೂರಿಸಿದರು ಎಂಬ ದಿನಾಂಕವನ್ನು. ಸೀಸವಿಲ್ಲದ, ಹೆಚ್ಚು ಬಾಳಿಕೆ ಬರುವ ಸೆನ್ಸರ್‌ಗಳೂ ಈಗ ಬಂದಿವೆ. ಅವಕ್ಕೂ ಒಂದು ಕೊನೆಯ ದಿನ ಇದ್ದೇ ಇದೆ.

ಗಲ್ಫ್ ಹವೆ ಮತ್ತು ಸೆನ್ಸರ್

ಈ ಸೆನ್ಸರ್‌ಗೆ ಗಲ್ಫ್‌ನಷ್ಟು ಕಷ್ಟ ಕೊಡುವ ಜಾಗ ಕಡಿಮೆ. ಬಹುತೇಕ ಮೀಟರ್‌ಗಳು 50 ಡಿಗ್ರಿವರೆಗೆ ಕೆಲಸ ಮಾಡುವಂತೆ ತಯಾರಾಗಿರುತ್ತವೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಪಿಕಪ್‌ನ ಡ್ಯಾಶ್‌ಬೋರ್ಡ್ ಅದನ್ನು ಸಲೀಸಾಗಿ ದಾಟುತ್ತದೆ. ಅಲ್ಲಿಟ್ಟ ಮೀಟರ್‌ನ ದ್ರಾವಣ ಒಣಗುತ್ತದೆ, ಇಲ್ಲವೇ ಸೋರುತ್ತದೆ. ಸೋರಿದ ದ್ರಾವಣ ಚರ್ಮವನ್ನು ಸುಡುವಂಥದ್ದು, ಕಣ್ಣಿಗೆ ತಾಗಿದರೆ ಇನ್ನೂ ಅಪಾಯ. ಸೆನ್ಸರನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಹಳೆಯದನ್ನು ಕಸದ ಬುಟ್ಟಿಗೆ ಎಸೆಯದೆ ಅಪಾಯಕಾರಿ ತ್ಯಾಜ್ಯಕ್ಕೆ ಹಾಕಬೇಕು, ಒಳಗಿರುವುದು ಸೀಸ.

ಎರಡನೆಯ ವೈರಿ ತೇವ. ಎ.ಸಿ. ಕೋಣೆಯಿಂದ ಆಗಸ್ಟ್ ತಿಂಗಳ ಸೆಖೆಗೆ ಕಾಲಿಟ್ಟ ಕೂಡಲೇ ನಮ್ಮ ಕನ್ನಡಕ ಮಂಜಾಗುತ್ತದಲ್ಲ, ಸೆನ್ಸರ್‌ನ ಸಣ್ಣ ರಂಧ್ರದ ಮೇಲೂ ಅದೇ ಹನಿ ಕೂರುತ್ತದೆ. ಗಾಳಿಯ ದಾರಿ ಅರ್ಧ ಮುಚ್ಚಿಹೋಗುತ್ತದೆ. ಮೀಟರನ್ನು ಹೊರಗಿನ ಹವೆಗೆ ಒಗ್ಗಲು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಆನ್ ಮಾಡುವುದು ಕ್ಷೇಮ. ಮರಳುಗಾಳಿಯ ದಿನಗಳಲ್ಲಿ ಫಿಲ್ಟರ್‌ನಲ್ಲಿ ದೂಳು ಕಟ್ಟುತ್ತದೆ. ಫಿಲ್ಟರ್ ಮುಚ್ಚಿದ ಮೀಟರ್ ಒಮ್ಮೆಲೇ ಕೆಡುವುದಿಲ್ಲ, ನಿಧಾನವಾಗುತ್ತದೆ. ಆಮ್ಲಜನಕ ಇಳಿದಿರುವುದನ್ನು ಅರ್ಧ ನಿಮಿಷ ತಡವಾಗಿ ಹೇಳಿದರೆ ಕೇಳಲು ಒಳಗಿರುವವನಿಗೆ ಪ್ರಜ್ಞೆ ಇರಬೇಕಲ್ಲ?

ಇನ್ನು ಪಂಪ್ ಇರುವ ಮೀಟರ್‌ನ ಕೊಳವೆಯನ್ನು ಟ್ಯಾಂಕಿನ ತಳದ ನೀರಿಗೋ ಕೆಸರಿಗೋ ಅದ್ದಿಬಿಡುವುದು. ನೀರು ಒಳಸೇರಿದರೆ ಪಂಪೂ ಸೆನ್ಸರೂ ಹಾಳಾಗುತ್ತವೆ. ನೀರು ತಡೆಯುವ ಫಿಲ್ಟರ್ ಇಲ್ಲದೆ ಕೊಳವೆ ಇಳಿಸಬಾರದು. ಜೇಬಿನಿಂದ ಬಿದ್ದ ಮೀಟರ್‌ಗೆ ಮೇಲುನೋಟಕ್ಕೆ ಏನೂ ಆಗಿಲ್ಲ ಎಂದು ಮತ್ತೆ ಬಳಸುವುದು ಇನ್ನೊಂದು ರೂಢಿ. ಬಿದ್ದ ಮೀಟರ್ ಮತ್ತೆ ಪರೀಕ್ಷೆಯಾಗಿಯೇ ಕೆಲಸಕ್ಕೆ ಬರಬೇಕು. ವಾಹನ ಹೊಳೆಯಲೆಂದು ಹೊಡೆಯುವ ಸಿಲಿಕೋನ್ ಸ್ಪ್ರೇ, ತುಕ್ಕು ಬಿಡಿಸುವ ಕೆಲವು ಸ್ಪ್ರೇಗಳು ಆಮ್ಲಜನಕದ ಪಕ್ಕದಲ್ಲೇ ಇರುವ, ಉರಿಯುವ ಅನಿಲ ಅಳೆಯುವ ಸೆನ್ಸರ್‌ಗೆ ವಿಷವಿದ್ದಂತೆ. ಮೀಟರನ್ನು ಒರೆಸಲು ಒದ್ದೆ ಬಟ್ಟೆ ಸಾಕು, ಸಾಲ್ವೆಂಟ್ ಬೇಡ.

ಕೆಟ್ಟ ಗಾಳಿಯಲ್ಲಿ ‘ಫ್ರೆಶ್ ಏರ್’

ಎಲ್ಲಕ್ಕಿಂತ ದೊಡ್ಡ ಅಪಾಯ ಮೀಟರ್ ಕೆಡುವುದರಲ್ಲಿಲ್ಲ, ಸರಿಯಿರುವ ಮೀಟರ್‌ಗೆ ನಾವೇ ಸುಳ್ಳು ಕಲಿಸುವುದರಲ್ಲಿದೆ. ಪ್ರತಿ ಮೀಟರ್‌ನಲ್ಲೂ ಫ್ರೆಶ್ ಏರ್ ಎಂಬ ಒಂದು ಹೊಂದಾಣಿಕೆಯಿರುತ್ತದೆ. ಅದನ್ನು ಒತ್ತಿದರೆ ‘ಈಗ ಸುತ್ತ ಇರುವುದೇ ಶುದ್ಧ ಗಾಳಿ, ಇದೇ 20.9’ ಎಂದು ಮೀಟರ್ ಒಪ್ಪಿಕೊಳ್ಳುತ್ತದೆ. ಬಯಲಿನಲ್ಲಿ, ಗಾಳಿ ಬರುವ ದಿಕ್ಕಿನಲ್ಲಿ, ಯಂತ್ರದ ಹೊಗೆಯಿಂದ ದೂರ ನಿಂತು ಮಾಡಬೇಕಾದ ಕೆಲಸ ಇದು. ಆದರೆ ಅವಸರದಲ್ಲಿ ಟ್ಯಾಂಕಿನ ಬಾಯಿಯ ಹತ್ತಿರವೇ ಒತ್ತಿಬಿಡುವುದುಂಟು.

ಲೆಕ್ಕ ಹಾಕಿ ನೋಡೋಣ. ಟ್ಯಾಂಕಿನಿಂದ ನೈಟ್ರೋಜನ್ ಹೊರಬರುತ್ತಿರುವ ಆ ಜಾಗದಲ್ಲಿ ಆಮ್ಲಜನಕ ನಿಜಕ್ಕೂ ಶೇ 19 ಇದೆ ಎಂದುಕೊಳ್ಳಿ. ಮೀಟರ್ ಅದನ್ನೇ 20.9 ಎಂದು ಕಲಿಯುತ್ತದೆ. ಅಲ್ಲಿಂದ ಮುಂದೆ ಪ್ರತಿ ಅಂಕಿಯನ್ನೂ ಶೇ 10ರಷ್ಟು ಹೆಚ್ಚಿಸಿಯೇ ತೋರಿಸುತ್ತದೆ. ಒಳಗೆ ನಿಜವಾದ ಪ್ರಮಾಣ 17.9ಕ್ಕೆ ಇಳಿದಾಗ ಪರದೆಯ ಮೇಲೆ ಕಾಣುವುದು 19.7. ಅಲಾರಂ ಬಾಯಿಬಿಡುವುದಿಲ್ಲ. ಮೀಟರ್ ಕೆಟ್ಟಿಲ್ಲ, ಸೆನ್ಸರ್ ಹೊಸದು, ಕ್ಯಾಲಿಬ್ರೇಶನ್ ಸ್ಟಿಕರ್‌ನಲ್ಲಿ ದಿನಾಂಕವೂ ಸರಿಯಿದೆ. ಆದರೂ ಅಂಕಿ ಸುಳ್ಳು.

ಇದಕ್ಕೆ ಮದ್ದು ಬಂಪ್ ಟೆಸ್ಟ್. ಅಳತೆ ಗೊತ್ತಿರುವ ಗ್ಯಾಸನ್ನು ಸಿಲಿಂಡರ್‌ನಿಂದ ಮೀಟರ್‌ಗೆ ಕೊಟ್ಟು, ಅಂಕಿ ಇಳಿಯುತ್ತದೆಯೇ, ಅಲಾರಂ ಕೂಗುತ್ತದೆಯೇ ಎಂದು ಪ್ರತಿದಿನ ಬಳಸುವ ಮೊದಲು ನೋಡುವುದು. ಇದಕ್ಕೆ ಬಳಸುವ ಸಿಲಿಂಡರ್‌ನಲ್ಲಿ ಆಮ್ಲಜನಕ ಸಾಮಾನ್ಯವಾಗಿ ಶೇ 18ರ ಆಸುಪಾಸಿನಲ್ಲಿರುತ್ತದೆ. ಒಂದೆರಡು ನಿಮಿಷದ ಕೆಲಸ. ಸಿಲಿಂಡರ್‌ಗೂ ಅವಧಿ ಮುಗಿಯುವ ದಿನವಿದೆ, ಅದನ್ನೂ ನೋಡಬೇಕು. ಕೆಲವರು ಮೀಟರ್ ಮೇಲೆ ಬಾಯಿಂದ ಊದಿ ಅಲಾರಂ ಕೂಗಿಸಿ ‘ಟೆಸ್ಟ್ ಆಯಿತು’ ಎನ್ನುತ್ತಾರೆ. ನಾವು ಬಿಡುವ ಉಸಿರಿನಲ್ಲಿ ಆಮ್ಲಜನಕ ಶೇ 16–17 ಇರುವುದರಿಂದ ಅಲಾರಂ ಕೂಗುವುದು ನಿಜ. ಆದರೆ ಅಂಕಿ ನಿಖರವೇ ಎಂಬುದು ಅದರಿಂದ ತಿಳಿಯುವುದಿಲ್ಲ. ಉಸಿರಿನ ತೇವ ಸೆನ್ಸರ್ ಮೇಲೆ ಕೂರುತ್ತದೆ, ಅಷ್ಟೇ ಲಾಭ.

ಅಳೆಯುವ ಕ್ರಮ

ಅಳೆಯುವುದಕ್ಕೂ ಒಂದು ಸರದಿಯಿದೆ. ಮೊದಲು ಆಮ್ಲಜನಕ, ಆಮೇಲೆ ಉರಿಯುವ ಅನಿಲ, ಕೊನೆಗೆ ವಿಷಾನಿಲ. ಇದು ಬರೀ ಶಿಷ್ಟಾಚಾರವಲ್ಲ. ಉರಿಯುವ ಅನಿಲ ಅಳೆಯುವ ಸಾಮಾನ್ಯ ಸೆನ್ಸರ್ ತನ್ನೊಳಗೆ ಆ ಅನಿಲವನ್ನು ಉರಿಸಿಯೇ ಅಳೆಯುತ್ತದೆ. ಉರಿಯಲು ಆಮ್ಲಜನಕ ಬೇಕು. ನೈಟ್ರೋಜನ್ ತುಂಬಿದ ವೆಸೆಲ್‌ನಲ್ಲಿ ಉರಿಯುವ ಅನಿಲ ಸಾಕಷ್ಟಿದ್ದರೂ ಮೀಟರ್ ಸೊನ್ನೆಯ ಹತ್ತಿರ ತೋರಿಸಬಹುದು. ಆಮ್ಲಜನಕದ ಅಂಕಿ ಸರಿಯಿಲ್ಲದಿದ್ದರೆ ಪಕ್ಕದ ಅಂಕಿಯನ್ನೂ ನಂಬುವಂತಿಲ್ಲ.

ಬಾಗಿಲಲ್ಲಿ ಮಾತ್ರ ಅಳೆದರೆ ಸಾಲದು. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಮೀಥೇನ್ ಹಗುರ, ಮೇಲೇರುತ್ತದೆ. ಮೇಲೆ, ನಡುವೆ, ಕೆಳಗೆ ಹೀಗೆ ಹಂತಹಂತವಾಗಿ ಅಳೆಯಬೇಕು. ಕೊಳವೆ ಉದ್ದವಿದ್ದಷ್ಟೂ ತಳದ ಗಾಳಿ ಮೀಟರ್‌ಗೆ ತಲುಪಲು ಹೊತ್ತು ಬೇಕು, ಅದರ ಮೇಲೆ ಅಂಕಿ ನಿಲ್ಲಲು ಇನ್ನಷ್ಟು ಹೊತ್ತು. ಎಷ್ಟು ಎಂಬುದು ಮೀಟರ್‌ನ ಕೈಪಿಡಿಯಲ್ಲೇ ಇರುತ್ತದೆ. ಕೊಳವೆಯಲ್ಲಿ ಬಿರುಕಿದ್ದರೆ ಪಂಪ್ ತಳದ ಗಾಳಿಯ ಬದಲು ಹೊರಗಿನ ಒಳ್ಳೆಯ ಗಾಳಿಯನ್ನೇ ಎಳೆದುಕೊಂಡು 20.9 ತೋರಿಸುತ್ತಾ ಕೂರುತ್ತದೆ. ಕೊಳವೆಯ ತುದಿಯನ್ನು ಬೆರಳಿನಿಂದ ಮುಚ್ಚಿ ನೋಡಿ: ಪಂಪ್ ಅಲಾರಂ ಕೂಗಿದರೆ ಸರಿ, ಸುಮ್ಮನಿದ್ದರೆ ಎಲ್ಲೋ ಸೋರಿಕೆಯಿದೆ. ಇಳಿದ ಮೇಲೂ ಮೀಟರ್ ಒಳಗಿರುವವನ ಎದೆಯ ಮೇಲೆ ಆನ್ ಆಗಿಯೇ ಇರಬೇಕು. ಬೆಳಿಗ್ಗೆ ಏಳಕ್ಕೆ ಬರೆದ ಅಂಕಿ ಹನ್ನೊಂದು ಗಂಟೆಯ ಗಾಳಿಗೆ ಸಾಕ್ಷಿಯಲ್ಲ. ಬ್ಯಾಟರಿ ಬದಲಿಸುವುದು, ಚಾರ್ಜ್ ಮಾಡುವುದು ಅನಿಲವಿರುವ ಜಾಗದಿಂದ ಹೊರಗೇ ಆಗಬೇಕು.

‘ಬೇಡ’ ಎನ್ನುವ ಹಕ್ಕು

ಇಷ್ಟೂ ಹೇಳಿದಾಗ ‘ಅದೆಲ್ಲ ಕಂಪನಿಯ ಕೆಲಸ, ಸೇಫ್ಟಿಯವರ ಕೆಲಸ, ನಮ್ಮ ಹೆಲ್ಪರ್‌ಗೇಕೆ?’ ಎಂದು ಕೇಳುವವರಿದ್ದಾರೆ. ಒಪ್ಪುತ್ತೇವೆ. ಮೀಟರ್ ಕೊಡುವುದು, ಸೆನ್ಸರ್ ಬದಲಿಸುವುದು, ತರಬೇತಿ ಪಡೆದವರಿಂದ ಅಳೆಯಿಸುವುದು ಕಂಪನಿಯ ಹೊಣೆ. ದೊಡ್ಡ ರಿಫೈನರಿಗಳಲ್ಲಿ ಇದು ಕಟ್ಟುನಿಟ್ಟಾಗಿಯೇ ನಡೆಯುತ್ತದೆ. ತೊಡಕು ಬರುವುದು ಗುತ್ತಿಗೆಯ ಕೆಳಗಿನ ಗುತ್ತಿಗೆಯಲ್ಲಿ. ಅಲ್ಲಿ ಒಂದು ಮೀಟರ್ ಮೂರು ಕಡೆ ಓಡಾಡುತ್ತದೆ. ಶಟ್‌ಡೌನ್ ದಿನಗಳಲ್ಲಿ ಒಂದೊಂದು ಗಂಟೆಗೂ ಬೆಲೆ ಕಟ್ಟುವ ಫೋರ್‌ಮನ್ ‘ಬೇಗ, ಬೇಗ’ ಎನ್ನುತ್ತಾನೆ. ಪರ್ಮಿಟ್ ಇಂಗ್ಲಿಷ್‌ನಲ್ಲಿ, ಫಲಕ ಅರಬಿಯಲ್ಲಿ, ಟೂಲ್‌ಬಾಕ್ಸ್ ಟಾಕ್ ಹಿಂದಿಯಲ್ಲಿ. ಒಳಗಿಳಿಯುವವನಿಗೆ ಅರ್ಥವಾಗುವುದು ‘ಓಕೆ’ ಎಂಬ ಒಂದೇ ಮಾತು.

ಇಳಿಯುವವನಿಗೆ ನಾಲ್ಕು ಪ್ರಶ್ನೆ ಕೇಳುವಷ್ಟು ತಿಳಿವಳಿಕೆಯಾದರೂ ಬೇಕು. ಇವತ್ತು ಬಂಪ್ ಟೆಸ್ಟ್ ಆಗಿದೆಯೇ? ಫ್ರೆಶ್ ಏರ್ ಎಲ್ಲಿ ನಿಂತು ಮಾಡಿದಿರಿ? ತಳದಲ್ಲಿ ಅಳೆದಿರಾ? ನನ್ನ ಜೊತೆ ಮೀಟರ್ ಒಳಗೆ ಬರುತ್ತದೆಯೇ? ಉತ್ತರ ಸರಿಬಾರದಿದ್ದರೆ ಇಳಿಯುವುದಿಲ್ಲ ಎನ್ನುವ ಧೈರ್ಯವೂ ಬೇಕು. ವೀಸಾ ಕಂಪನಿಯ ಕೈಯಲ್ಲಿರುವಾಗ, ಊರಿನಲ್ಲಿ ಸಾಲದ ಕಂತು ಕಾಯುತ್ತಿರುವಾಗ ಒಬ್ಬನೇ ನಿಂತು ‘ಬೇಡ’ ಎನ್ನುವುದು ಸುಲಭವಲ್ಲ ಎಂದು ನಮಗೆ ಗೊತ್ತು. ಅದಕ್ಕೇ ಆ ಮಾತನ್ನು ಹತ್ತು ಮಂದಿ ಒಟ್ಟಿಗೆ ಕಲಿತಿರಬೇಕು ಎನ್ನುತ್ತೇವೆ. ನಮ್ಮಲ್ಲಿ ಮೇಲಿನ ಹುದ್ದೆಯಲ್ಲಿರುವ ಕನ್ನಡಿಗ ಎಂಜಿನಿಯರ್‌ಗಳು, ಸೇಫ್ಟಿ ಆಫೀಸರ್‌ಗಳು ಆ ಹತ್ತು ಮಂದಿಯ ಹಿಂದೆ ನಿಲ್ಲಬೇಕು.

ಗಲ್ಫ್‌ನ ಕನ್ನಡ ಸಂಘಗಳಿಗೆ ನಮ್ಮ ಕೋರಿಕೆ ಇದು. ಶಟ್‌ಡೌನ್ ಕೆಲಸ ಶುರುವಾಗುವ ಮೊದಲು, ಒಂದು ರಜಾದಿನ, ಎರಡು ಗಂಟೆ. ಲೇಬರ್ ಕ್ಯಾಂಪ್‌ಗೇ ಹೋಗಿ ಒಂದು ನಿಜವಾದ ಮೀಟರ್ ಕೈಗೆ ಕೊಟ್ಟು ಕನ್ನಡ, ತುಳು, ಬ್ಯಾರಿ, ಕೊಂಕಣಿಯಲ್ಲಿ ವಿವರಿಸಿ. ಆ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಜೇಬಿಗೆ ಹಿಡಿಯುವ ಚೀಟಿ ಮಾಡಿ ಹಂಚಿ. ಖರ್ಚು ಒಂದು ಕಾರ್ಯಕ್ರಮದ ಹೂಗುಚ್ಛದಷ್ಟೂ ಆಗದು. ಹಡಗುಗಳಲ್ಲಿ ಈ ದಾರಿ ಆಗಲೇ ತೆರೆದಿದೆ. ಅಂತರರಾಷ್ಟ್ರೀಯ ಸೋಲಾಸ್ ನಿಯಮದಂತೆ ಮುಚ್ಚಿದ ಜಾಗಕ್ಕೆ ಇಳಿಯುವ, ಅಲ್ಲಿಂದ ರಕ್ಷಿಸುವ ಅಣಕು ಅಭ್ಯಾಸ 2015ರಿಂದ ಎರಡು ತಿಂಗಳಿಗೊಮ್ಮೆ ಕಡ್ಡಾಯ. 2016ರ ಜುಲೈನಿಂದ ಗಾಳಿ ಪರೀಕ್ಷಿಸುವ ಮೀಟರ್ ಹಡಗಿನಲ್ಲಿ ಇರಲೇಬೇಕು. ನಮ್ಮ ಕರಾವಳಿಯ ನಾವಿಕರಿಗೆ ಇದು ಚೆನ್ನಾಗಿ ಗೊತ್ತು. ಅವರನ್ನೇ ಕರೆದು ಮಾತನಾಡಿಸಬಹುದು.

ಊರಿಗೂ ಬೇಕು

ಈ ತಿಳಿವಳಿಕೆ ಗಲ್ಫ್‌ನಲ್ಲೇ ಉಳಿದುಬಿಟ್ಟರೆ ಪ್ರಯೋಜನ ಅರ್ಧವೇ. 2022ರ ಏಪ್ರಿಲ್ 17ರಂದು ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಗೆ ಒಬ್ಬ ಕಾರ್ಮಿಕ ಬಿದ್ದ. ಅವನನ್ನು ಎತ್ತಲು ಇತರರು ಇಳಿದರು. ಸತ್ತವರು ಐವರು, ಎಲ್ಲರೂ ದುಡಿಯಲು ಪಶ್ಚಿಮ ಬಂಗಾಳದಿಂದ ಬಂದವರು. ನಾವು ಮರಳುಗಾಡಿಗೆ ಬಂದಂತೆ ಅವರು ನಮ್ಮೂರಿಗೆ ಬಂದಿದ್ದರು. ಮುಚ್ಚಿದ ಜಾಗಗಳಲ್ಲಿ ಸಾಯುವವರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಶೋಧನಾ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಗೆಳೆಯ ಬಿದ್ದಾಗ ಕೈಕಟ್ಟಿ ನಿಲ್ಲಲು ಯಾರಿಗೂ ಮನಸ್ಸಾಗದು. ಅದಕ್ಕೇ ಇಳಿಯುವ ಮೊದಲು ಅಳೆಯಬೇಕು. ಸೊಂಟಕ್ಕೆ ಹಗ್ಗ, ಮೇಲೆ ಎಳೆಯುವ ವ್ಯವಸ್ಥೆ, ಹೊರಗೆ ಕಾವಲಿಗೊಬ್ಬ ಇರಬೇಕು.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಸೆಕ್ಷನ್ ಅಪಾಯದ ಅನಿಲವಿರುವ ಜಾಗಗಳಿಗೆ ಇಳಿಸುವ ಬಗ್ಗೆಯೇ ಇತ್ತು. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ, ಶೌಚಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ತಡೆಯುತ್ತದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಆದರೆ ಸಣ್ಣ ಕಾರ್ಖಾನೆಯ ತೊಟ್ಟಿಯ ಬಾಯಲ್ಲಿ ಮೀಟರ್ ಹಿಡಿದು ನಿಲ್ಲುವವರು ಬೇಕಲ್ಲ? ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ ಊರಿಗೆ ಮರಳಿದ ಗ್ಯಾಸ್ ಟೆಸ್ಟರ್‌ಗಳು, ಸೇಫ್ಟಿ ಸೂಪರ್‌ವೈಸರ್‌ಗಳು ನಮ್ಮ ಊರುಗಳಲ್ಲೇ ಇದ್ದಾರೆ. ನಗರಪಾಲಿಕೆಗಳು, ಕೈಗಾರಿಕಾ ವಸಾಹತುಗಳು ಅವರನ್ನು ತರಬೇತಿಗೆ ಕರೆಯಬೇಕು. ಕರೆಯದಿದ್ದರೆ ಅವರೇ ಹೋಗಿ ಬಾಗಿಲು ತಟ್ಟಬೇಕು.

ರಜೆಗೆ ಬರುವಾಗ ಊರಿನ ಪಂಚಾಯಿತಿಗೋ ಘಟಕಕ್ಕೋ ಮೀಟರ್ ತಂದುಕೊಡುವ ಆಸೆ ಇರುವವರಿಗೆ ಒಂದು ಮಾತು. ಮೀಟರ್ ಜೊತೆಗೆ ಟೆಸ್ಟ್ ಗ್ಯಾಸ್ ಎಲ್ಲಿ ಸಿಗುತ್ತದೆ, ಸೆನ್ಸರ್ ಯಾರು ಬದಲಿಸುತ್ತಾರೆ ಎಂಬುದನ್ನೂ ಗೊತ್ತುಮಾಡಿಕೊಡಿ. ಕೆಲವು ಬಗೆಯ ಸೆನ್ಸರ್‌ಗಳು ಗಾಳಿಯ ಒತ್ತಡಕ್ಕೆ ತಕ್ಕಂತೆ ಅಂಕಿ ತೋರಿಸುತ್ತವೆ. ಜುಬೈಲ್‌ನ ಕಡಲ ಮಟ್ಟದಲ್ಲಿ ಹೊಂದಿಸಿದ ಅಂಥ ಮೀಟರ್ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಒಳ್ಳೆಯ ಗಾಳಿಯಲ್ಲೂ 19ರ ಆಸುಪಾಸು ತೋರಿಸಿ ಕೂಗೀತು. ಮೀಟರ್ ಹಾಳಾಗಿದೆ ಎಂದು ಮೂಲೆಗೆ ಹಾಕುವ ಮೊದಲು ಬಯಲಿನ ಶುದ್ಧ ಗಾಳಿಯಲ್ಲಿ ಮತ್ತೆ ಹೊಂದಿಸಿ, ಬಂಪ್ ಟೆಸ್ಟ್ ಮಾಡಿಸಿ. ಎರಡು ವರ್ಷವಾದ ಮೇಲೆ ಸೆನ್ಸರ್ ಬದಲಿಸುವ ಖರ್ಚು ಯಾರದು ಎಂಬುದನ್ನೂ ಕೊಡುವ ದಿನವೇ ಬರೆಸಿಡಿ. ಅದಿಲ್ಲದೆ ಕೊಟ್ಟ ಮೀಟರ್ ಕಪಾಟಿನಲ್ಲಿ ಕೂತು ಸವೆಯುತ್ತದೆ, ಜನ ಮತ್ತೆ ಅಳೆಯದೆಯೇ ಇಳಿಯುತ್ತಾರೆ.